ಔಟಾದ ಮಗು ಎಲ್ಲಿ ಕೂರುತ್ತದೆ? ಮಕ್ಕಳ ಗುಂಪಿಗೆ ಆಟ ಆರಿಸುವ ಲೆಕ್ಕ

ಶಾಲೆಯ ಒಂದು ಪಿಟಿ ಪೀರಿಯಡ್ ಅಂದರೆ 40 ಮಕ್ಕಳು, ಒಂದು ಮೈದಾನ, 40 ನಿಮಿಷ. ಮಕ್ಕಳು ಬಂದು ಸಾಲು ನಿಲ್ಲುವುದಕ್ಕೆ 5 ನಿಮಿಷ ಹೋಗುತ್ತದೆ. ಆಟ ಹೇಳಿಕೊಟ್ಟು ತಂಡ ಮಾಡುವುದಕ್ಕೆ ಇನ್ನೊಂದು 5. ನೀರು ಕುಡಿದು ವಾಪಸ್ ಕ್ಲಾಸಿಗೆ ಹೋಗುವುದಕ್ಕೆ ಮತ್ತೊಂದು 5. ಕೈಯಲ್ಲಿ ಉಳಿಯುವುದು 25 ನಿಮಿಷ.

ಈ 25 ನಿಮಿಷಕ್ಕೆ ಯಾವ ಆಟ ಅಂತ ಹುಡುಕಿದರೆ ಉದ್ದುದ್ದ ಪಟ್ಟಿಗಳು ಸಿಗುತ್ತವೆ. ಐವತ್ತು ಆಟ, ನೂರು ಆಟ. ಓದುವಾಗ ಎಲ್ಲವೂ ಮಜವಾಗಿಯೇ ಕಾಣುತ್ತವೆ. ಮೈದಾನಕ್ಕೆ ಇಳಿದ ಮೇಲೆ ನೋಡಿದರೆ ಆರೇಳು ಮಕ್ಕಳು ಓಡುತ್ತಿರುತ್ತಾರೆ, ಉಳಿದವರು ಮರದ ಕೆಳಗೆ ಕೂತು ಕಡ್ಡಿಯಲ್ಲಿ ಮಣ್ಣು ಕೆದಕುತ್ತಿರುತ್ತಾರೆ. ಆಟ ಕೆಟ್ಟದ್ದು ಅಂತಲ್ಲ. ಅದು ಈ ಗುಂಪಿಗೆ, ಈ ಹೊತ್ತಿಗೆ ಹೊಂದಲಿಲ್ಲ, ಅಷ್ಟೇ.

ಆದ್ದರಿಂದ ಇಲ್ಲಿ ಪಟ್ಟಿ ಕೊಡುವುದಿಲ್ಲ. ಎಲ್ಲರಿಗೂ ಗೊತ್ತಿರುವ ಆಟಗಳನ್ನೇ ಅಕ್ಕಪಕ್ಕ ಇಟ್ಟು, ಯಾವುದು ಯಾವಾಗ ಸರಿ ಅಂತ ನೋಡೋಣ.

ಮೊದಲು ಎರಡು ಪ್ರಶ್ನೆ

ಯಾವುದೇ ಆಟ ಕೈಗೆತ್ತಿಕೊಳ್ಳುವ ಮೊದಲು ನಾನು ಕೇಳಿಕೊಳ್ಳುವುದು ಎರಡೇ ಪ್ರಶ್ನೆ. ಒಂದು, ಈ ಆಟದಲ್ಲಿ ಒಂದು ಮಗು ನಿಜವಾಗಿ ಎಷ್ಟು ಹೊತ್ತು ಓಡಾಡುತ್ತದೆ? ಎರಡು, ಔಟಾದ ಮಗು ಆಮೇಲೆ ಏನು ಮಾಡುತ್ತದೆ? ಜಾಗ, ಸಾಮಾನು, ವಯಸ್ಸು ಇವೆಲ್ಲ ಆಮೇಲೆ ಬರುತ್ತವೆ.

ಮೊದಲನೆಯದಕ್ಕೆ ಕಾರಣ ಸುಲಭ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈಬೆವರುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ತುಂಬಾ ಮಕ್ಕಳಿಗೆ ದಿನದಲ್ಲಿ ಓಡುವ ಅವಕಾಶ ಸಿಗುವುದೇ ಪಿಟಿ ಪೀರಿಯಡ್‌ನಲ್ಲಿ. ಆ ಹೊತ್ತನ್ನೂ ಸಾಲಿನಲ್ಲಿ ನಿಂತು ಕಳೆದರೆ ಉಳಿಯುವುದೇನು?

ಎರಡನೆಯ ಪ್ರಶ್ನೆ ಸ್ವಲ್ಪ ಸೂಕ್ಷ್ಮ. ಔಟ್ ಮಾಡುವ ಆಟಗಳಲ್ಲಿ ಮೊದಲು ಔಟಾಗುವುದು ಯಾರು? ನಿಧಾನ ಓಡುವ ಮಗು, ಚೆಂಡು ಹಿಡಿಯಲು ಬಾರದ ಮಗು. ಅಂದರೆ ಯಾರಿಗೆ ಆಟ ಜಾಸ್ತಿ ಬೇಕೋ ಅವರೇ ಎಲ್ಲರಿಗಿಂತ ಮೊದಲು ಹೊರಗೆ ಕೂರುತ್ತಾರೆ. ಚೆನ್ನಾಗಿ ಆಡುವವರು ಇನ್ನಷ್ಟು ಆಡುತ್ತಾರೆ.

ಇದು ಹೊಸ ಮಾತೇನಲ್ಲ. 1990ರ ದಶಕದಲ್ಲೇ ಅಮೆರಿಕದ ದೈಹಿಕ ಶಿಕ್ಷಣದ ಅಧ್ಯಾಪಕ ನೀಲ್ ವಿಲಿಯಮ್ಸ್ ಶಾಲೆಗಳಲ್ಲಿ ಆಡಿಸಬಾರದ ಆಟಗಳು ಅಂತ ಒಂದು ಪಟ್ಟಿಯನ್ನೇ ಪ್ರಕಟಿಸಿದ್ದರು. ಡಾಡ್ಜ್‌ಬಾಲ್ (ಎದುರು ತಂಡದವರನ್ನು ಚೆಂಡಿನಿಂದ ಹೊಡೆದು ಔಟ್ ಮಾಡುವ ಆಟ), ಮ್ಯೂಸಿಕಲ್ ಚೇರ್, ಸೈಮನ್ ಸೇಸ್ ("ಸೈಮನ್ ಹೇಳುತ್ತಾನೆ" ಅಂದಾಗ ಮಾತ್ರ ಹೇಳಿದ್ದನ್ನು ಮಾಡುವ ಆಟ), ರಿಲೇ ಓಟ, ಕೊನೆಗೆ ಜೂಟಾಟ ಕೂಡ ಅದರಲ್ಲಿತ್ತು. ಬಹಳಷ್ಟು ಮಕ್ಕಳು ಸುಮ್ನೆ ಕೂರುತ್ತಾರೆ, ಒಂದು ಮಗು ಎಲ್ಲರೆದುರು ನಗೆಪಾಟಲಾಗುತ್ತದೆ, ಪೆಟ್ಟಾಗುವ ಭಯ ಇದೆ, ಇವು ಅವರ ತಕರಾರುಗಳು. ತಕರಾರು ಸರಿಯಾಗಿಯೇ ಇದೆ. ಆದರೆ ಪೂರ್ತಿ ಪಟ್ಟಿಯನ್ನು ನಾನು ಒಪ್ಪುವುದಿಲ್ಲ. ಇವುಗಳಲ್ಲಿ ಹೆಚ್ಚಿನವನ್ನು ಒಂದು ನಿಯಮ ಬದಲಿಸಿ ಉಳಿಸಿಕೊಳ್ಳಬಹುದು. ಜೂಟಾಟವನ್ನಂತೂ ಬಿಡುವ ಮಾತೇ ಇಲ್ಲ.

ರಿಲೇನಾ, ಜೂಟಾಟನಾ?

ರಿಲೇಯಿಂದ ಶುರು ಮಾಡೋಣ. ಯಾಕೆಂದರೆ ಗುಂಪು ದೊಡ್ಡದಾದ ಕೂಡಲೇ ಎಲ್ಲರ ಕೈ ಹೋಗುವುದು ಇದಕ್ಕೇ. 40 ಮಕ್ಕಳನ್ನು 10 ಜನರ 4 ಸಾಲು ಮಾಡುತ್ತೇವೆ. ಪ್ರತಿ ಮಗು 20 ಮೀಟರ್ ಓಡಿ, ತಿರುಗಿ, ವಾಪಸ್ ಬಂದು ಕೋಲು ಕೊಡಬೇಕು. ಒಬ್ಬರಿಗೆ 15 ಸೆಕೆಂಡ್ ಅಂದುಕೊಳ್ಳಿ. ಸಾಲು ಮುಗಿಯಲು 150 ಸೆಕೆಂಡ್ ಬೇಕು. ಅದರಲ್ಲಿ ಒಂದು ಮಗು ಓಡಿದ್ದು 15 ಸೆಕೆಂಡ್, ನಿಂತಿದ್ದು 135 ಸೆಕೆಂಡ್! ಒಂಬತ್ತನೆಯವಳಾಗಿ ನಿಂತ ಹುಡುಗಿಯನ್ನು ಗಮನಿಸಿ. ಮೊದಲ ಅರ್ಧ ನಿಮಿಷ ಕೂಗುತ್ತಾಳೆ. ಆಮೇಲೆ ಹಿಂದಿನವಳ ಜಡೆ ಎಳೆಯುತ್ತಾಳೆ. ಅವಳ ಸರದಿ ಬರುವ ಹೊತ್ತಿಗೆ ಮೇಷ್ಟ್ರು ಅವಳನ್ನು ಎರಡು ಸಲ ಗದರಿರುತ್ತಾರೆ.

ಅದೇ 40 ಮಕ್ಕಳನ್ನು 4 ಜನರ 10 ಸಾಲು ಮಾಡಿದರೆ ಸಾಲು 60 ಸೆಕೆಂಡಿಗೆ ಮುಗಿಯುತ್ತದೆ. ಮೊದಲು ಒಂದು ಸುತ್ತು ಆಗುತ್ತಿದ್ದ ಹೊತ್ತಿನಲ್ಲಿ ಈಗ ಎರಡು ಸುತ್ತು ಆಗುತ್ತದೆ, ಇನ್ನೂ ಅರ್ಧ ನಿಮಿಷ ಉಳಿಯುತ್ತದೆ. ಸಾಲು ಚಿಕ್ಕದಾದರೆ ಇನ್ನೊಂದು ಲಾಭ ಇದೆ. ನಿಧಾನ ಓಡುವ ಮಗುವಿನ ಮೇಲೆ 40 ಜೋಡಿ ಕಣ್ಣು ಬೀಳುವುದಿಲ್ಲ, ಯಾಕೆಂದರೆ ಒಂದೇ ಹೊತ್ತಿಗೆ 10 ಮಕ್ಕಳು ಓಡುತ್ತಿರುತ್ತಾರೆ. ಹಾಗಾಗಿ ರಿಲೇ ಆಡಿಸಲೇಬೇಕು ಅಂದರೆ ಸಾಲಿಗೆ 4 ಜನ, ಹೆಚ್ಚೆಂದರೆ 5. ಗೆರೆ ಎಳೆಯಲು ಅಷ್ಟು ಅಗಲ ಜಾಗ ಇಲ್ಲವಾದರೆ ಆ ದಿನ ರಿಲೇ ಬೇಡ.

ಈಗ ಜೂಟಾಟ. ಎಲ್ಲರೂ ಒಟ್ಟಿಗೇ ಓಡುತ್ತಾರೆ, ಸಾಮಾನು ಬೇಕಿಲ್ಲ, ವಿವರಿಸಲು ಅರ್ಧ ನಿಮಿಷ ಸಾಕು. ಆದರೆ ಹಿಡಿಯುವವರು ಒಬ್ಬರೇ ಇದ್ದರೆ ಎರಡು ತೊಂದರೆ. ಆ ಒಬ್ಬ ನಿಧಾನದವನಾದರೆ ಯಾರನ್ನೂ ಮುಟ್ಟಲಾಗದೆ ಕೊನೆಗೆ ಅತ್ತೇ ಬಿಡುತ್ತಾನೆ. ಚುರುಕಿನವನಾದರೆ ತನ್ನ ಇಬ್ಬರು ಗೆಳೆಯರನ್ನಷ್ಟೇ ಅಟ್ಟಿಸಿಕೊಂಡು ಓಡುತ್ತಾನೆ, ಉಳಿದ 37 ಜನ ಮೂಲೆಯಲ್ಲಿ ಹರಟೆ ಹೊಡೆಯುತ್ತಾರೆ. ಪರಿಹಾರ ಇಷ್ಟೇ: 40 ಮಕ್ಕಳಿಗೆ 5 ಜನ ಹಿಡಿಯುವವರು, ಒಂದೂವರೆ ನಿಮಿಷಕ್ಕೊಮ್ಮೆ ಸೀಟಿ ಊದಿ ಅವರನ್ನು ಬದಲಿಸುವುದು. ಮುಟ್ಟಿಸಿಕೊಂಡವರು ಅಲ್ಲೇ ಕಲ್ಲಿನ ಹಾಗೆ ನಿಲ್ಲಬೇಕು, ಗೆಳೆಯರು ಬಂದು ಮುಟ್ಟಿದರೆ ಬಿಡುಗಡೆ. ಔಟ್ ಅನ್ನುವುದು ಈಗ 10 ಸೆಕೆಂಡಿನ ಮಾತು.

ಸರಪಳಿ ಆಟವನ್ನು ತುಂಬಾ ಜನ ಇಷ್ಟಪಡುತ್ತಾರೆ. ಸಿಕ್ಕವರು ಕೈ ಕೈ ಹಿಡಿದು ಸರಪಳಿ ಬೆಳೆಸುತ್ತಾ ಹೋಗುವುದು. ನೋಡಲು ಚೆಂದ, ಆದರೆ ಸರಪಳಿ ಉದ್ದವಾದಷ್ಟೂ ತುದಿಯಲ್ಲಿರುವ ಚಿಕ್ಕ ಮಗುವಿನ ತೋಳು ಜಗ್ಗುತ್ತದೆ. ತಿರುವಿನಲ್ಲಿ ತುದಿಯವರು ಎಲ್ಲರಿಗಿಂತ ಜೋರಾಗಿ ಓಡಬೇಕಾಗುತ್ತದೆ, ಬೀಳುವುದೂ ಅವರೇ. ನಾಲ್ಕು ಜನ ಆದ ಕೂಡಲೇ ಸರಪಳಿ ಒಡೆದು ಇಬ್ಬಿಬ್ಬರಾಗಬೇಕು ಎಂಬ ನಿಯಮ ಹಾಕಿ.

ಈ ಜಾತಿಯ ಆಟಗಳಲ್ಲಿ ನನ್ನ ಆಯ್ಕೆ ಬಾಲ ಕೀಳುವ ಆಟ. ಪ್ರತಿ ಮಗು ಒಂದು ಬಟ್ಟೆ ಪಟ್ಟಿಯನ್ನು ಹಿಂದುಗಡೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತದೆ. ಕಟ್ಟುವಂತಿಲ್ಲ, ಎಳೆದರೆ ಬರಬೇಕು. ಬೇರೆಯವರ ಬಾಲ ಕೀಳಬೇಕು, ತನ್ನದನ್ನು ಕಾಪಾಡಿಕೊಳ್ಳಬೇಕು. ಬಾಲ ಕಳೆದುಕೊಂಡವರು ಮೇಷ್ಟ್ರ ಹತ್ತಿರ ಓಡಿಬಂದು, ಐದು ಸಲ ಜಿಗಿದು, ಹೊಸ ಬಾಲ ತಗೊಂಡು ಮತ್ತೆ ಒಳಗೆ ಹೋಗುತ್ತಾರೆ. ಹೊರಗೆ ಕೂರುವ ಪ್ರಶ್ನೆಯೇ ಇಲ್ಲ. ಇನ್ನೊಂದು ದೊಡ್ಡ ಲಾಭ: ಜಗಳ ಕಡಿಮೆ. "ಮುಟ್ಟಿದೆ", "ಇಲ್ಲ, ಮುಟ್ಟಿಲ್ಲ" ಅನ್ನುವ ವಾದಕ್ಕೆ ಇಲ್ಲಿ ಜಾಗವೇ ಇಲ್ಲ. ಬಾಲ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಬೆನ್ನಿಗೆ ಗುದ್ದುವುದು, ತಳ್ಳುವುದು ಕೂಡ ತಾನಾಗಿಯೇ ತಗ್ಗುತ್ತದೆ. ನಿಧಾನ ಓಡುವ ಆದರೆ ಕಣ್ಣು ಚುರುಕಿರುವ ಮಗು ಇಲ್ಲಿ ನಾಲ್ಕು ಬಾಲ ಹಿಡಿದು ನಿಂತಿರುವುದನ್ನು ನೋಡುವುದೇ ಒಂದು ಖುಷಿ.

ನೆರಳು ತುಳಿಯುವ ಆಟವೂ ಇದೆ. ಆದರೆ ಅದು ಬೆಳಗ್ಗೆ ಅಥವಾ ಸಂಜೆಗೆ. ನಡು ಮಧ್ಯಾಹ್ನ ನೆರಳು ಕಾಲಡಿಗೇ ಬಂದಿರುತ್ತದೆ, ತುಳಿಯಲು ಹೋದವರು ಕಾಲನ್ನೇ ತುಳಿಯುತ್ತಾರೆ.

ಖೋ-ಖೋ, ಕಬಡ್ಡಿ: ಒಂದೇ ತಕ್ಕಡಿಯಲ್ಲಿ ತೂಗಬೇಡಿ

ಎರಡಕ್ಕೂ ಸಾಮಾನು ಬೇಕಿಲ್ಲ, ಎರಡೂ ಮಕ್ಕಳಿಗೆ ಗೊತ್ತು. ಆದ್ದರಿಂದ ಎರಡರಲ್ಲಿ ಯಾವುದಾದರೂ ಆದೀತು ಅಂದುಕೊಳ್ಳುತ್ತೇವೆ. ಆದರೆ ಮಗುವಿನ ಮೇಲೆ ಇವು ಹಾಕುವ ಒತ್ತಡ ಬೇರೆ ಬೇರೆ.

ಖೋ-ಖೋದಲ್ಲಿ ಅಟ್ಟುವ ತಂಡದ 9 ಜನರಲ್ಲಿ 8 ಮಂದಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ, ಒಬ್ಬರು ಅಟ್ಟುತ್ತಾರೆ. ಓಡುವ ತಂಡದವರು ಮೂವರು ಮೂವರಾಗಿ ಅಂಕಣಕ್ಕೆ ಇಳಿಯುತ್ತಾರೆ. ಅಂದರೆ ಯಾವುದೇ ಕ್ಷಣದಲ್ಲಿ ಓಡುತ್ತಿರುವವರು ಹೆಚ್ಚೆಂದರೆ 4 ಜನ. ನನ್ನ ಮೊದಲ ಪ್ರಶ್ನೆಯ ಪ್ರಕಾರ ಇದು ಸೋಲಬೇಕಾದ ಆಟ. ಆದರೆ ಸೋಲುವುದಿಲ್ಲ. ಯಾಕೆಂದರೆ ಕೂತವರು ಸುಮ್ನೆ ಕೂತಿಲ್ಲ. ಯಾವ ಗಳಿಗೆಯಲ್ಲಿ ಬೆನ್ನಿಗೆ ಕೈ ತಾಗಿ "ಖೋ" ಕೇಳಿಸುತ್ತದೋ ಗೊತ್ತಿಲ್ಲ. ಕಾಲು ಮಡಚಿ, ಮುಂಗಾಲ ಮೇಲೆ ಭಾರ ಹಾಕಿ, ಕತ್ತು ತಿರುಗಿಸುತ್ತಾ ಕಾಯುತ್ತಿರುತ್ತಾರೆ.

ಈ ಆಟದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಬೇರೆಯೇ ಇದೆ. ಅಟ್ಟುವವರು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುವಂತಿಲ್ಲ. ಹಾಗಾಗಿ ಎಷ್ಟೇ ವೇಗವಾಗಿ ಓಡುವವರಾದರೂ ಇನ್ನೊಬ್ಬರಿಗೆ ಖೋ ಕೊಡಲೇಬೇಕು. ನಿಧಾನ ಓಡುವ ಮಗುವಿಗೆ ಖೋ ಬಂತು ಅನ್ನಿ. ಎರಡು ಹೆಜ್ಜೆ ಹಾಕಿ ಪಕ್ಕದವರಿಗೆ ಖೋ ಕೊಟ್ಟರೂ ಆಯಿತು. ಅದು ತಪ್ಪಿಸಿಕೊಂಡ ಹಾಗಲ್ಲ, ಸರಿಯಾದ ಆಟವೇ. ನಿಧಾನದವರಿಗೆ ಇಷ್ಟು ಮರ್ಯಾದೆಯ ದಾರಿ ಕೊಡುವ ಓಟದ ಆಟ ಬೇರೆ ಕಡಿಮೆ.

ಕಬಡ್ಡಿ ಇದಕ್ಕೆ ತದ್ವಿರುದ್ಧ. ಒಂದೊಂದು ಕಡೆ 7 ಜನ. ದಾಳಿಗೆ ಹೋಗುವವರಿಗೆ 30 ಸೆಕೆಂಡ್. ಆ 30 ಸೆಕೆಂಡ್ ಒಬ್ಬರೇ, ಎದುರಿಗೆ ಇಡೀ ತಂಡ, ಸುತ್ತ ನೋಡುವವರ ಕೂಗು. ಕೆಲವು ಮಕ್ಕಳು ಇದಕ್ಕೇ ಕಾಯುತ್ತಾರೆ. ಓದಿನಲ್ಲಿ ಹಿಂದಿರುವ ಹುಡುಗನೊಬ್ಬ ಗೆರೆ ಮುಟ್ಟಿ ಬಂದಾಗ ಅವನ ಮುಖ ನೋಡಬೇಕು. ಅದೇ 30 ಸೆಕೆಂಡ್ ಇನ್ನೊಂದು ಮಗುವಿಗೆ ಹೊಟ್ಟೆ ತೊಳಸಿದ ಹಾಗಾಗುತ್ತದೆ. ದಾಳಿ ಸರದಿಯ ಪ್ರಕಾರ ಕಡ್ಡಾಯ ಅಂತ ಮಾಡಬೇಡಿ. ಹಿಡಿಯುವವರ ಸಾಲಿನಲ್ಲಿ ಕೈ ಕೈ ಹಿಡಿದು ನಿಂತರೂ ಅವರು ಆಟದಲ್ಲೇ ಇದ್ದಾರೆ.

ಔಟಿನ ವಿಷಯಕ್ಕೆ ಬಂದರೆ ಕಬಡ್ಡಿಯ ಲೆಕ್ಕ ಚೆನ್ನಾಗಿದೆ. ನಮ್ಮವರು ಎದುರಾಳಿಯನ್ನು ಔಟ್ ಮಾಡಿದರೆ ಹೊರಗಿದ್ದ ನಮ್ಮವರು ಒಳಗೆ ಬರುತ್ತಾರೆ. ಹೊರಗೆ ಕೂತವರಿಗೂ ಆಟದ ಮೇಲೆ ಆಸೆ ಉಳಿಯುತ್ತದೆ. ಆದರೆ ನೆಲ ನೋಡಿಕೊಳ್ಳಿ. ಮೆತ್ತನೆಯ ಮಣ್ಣು, ಹುಲ್ಲು ಅಥವಾ ಮ್ಯಾಟ್ ಇದ್ದರೆ ಮಾತ್ರ ಹಿಡಿದು ಬೀಳಿಸುವ ಕಬಡ್ಡಿ. ಸಿಮೆಂಟ್ ನೆಲವಾದರೆ ಮುಟ್ಟಿದರೆ ಔಟ್ ಅನ್ನುವ ಬಗೆಯಲ್ಲಿ ಆಡಿಸಿ. ತೂಕ ನೋಡಿ ಜೋಡಿ ಮಾಡಿ. ಒಂದೇ ಕ್ಲಾಸಿನಲ್ಲಿ 30 ಕೆಜಿಯವರೂ 55 ಕೆಜಿಯವರೂ ಇರುತ್ತಾರೆ. ದೊಡ್ಡ ಕ್ಲಾಸುಗಳಲ್ಲಿ ಹುಡುಗ ಹುಡುಗಿಯರು ಒಟ್ಟಿಗೆ ಆಡುವ ದಿನ ಖೋ-ಖೋ ಇಟ್ಟುಕೊಳ್ಳುವುದೇ ವಾಸಿ.

ಯಾವುದೇ ಆದರೂ, 40 ಮಕ್ಕಳಿಗೆ ಒಂದೇ ಅಂಕಣ ಹಾಕಬೇಡಿ. ಪಂದ್ಯದ ಖೋ-ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಪೀರಿಯಡ್‌ಗೆ ಅಷ್ಟು ಬೇಕಿಲ್ಲ. 6 ಜನ ಕೂರುವಷ್ಟು ಚಿಕ್ಕ ಅಂಕಣ ಮೂರು ಎಳೆದರೆ ಎಲ್ಲರಿಗೂ ಸರದಿ ಬರುತ್ತದೆ. ಕಂಬ ಇಲ್ಲದಿದ್ದರೆ ಎರಡು ತುದಿಗೆ ಒಬ್ಬೊಬ್ಬರನ್ನು ಕಂಬವಾಗಿ ನಿಲ್ಲಿಸಿ, ಎರಡು ನಿಮಿಷಕ್ಕೊಮ್ಮೆ ಬದಲಿಸಿ. ಕಂಬವಾಗಲು ಜಗಳವೇ ಆಗುತ್ತದೆ, ಯಾಕೋ ಗೊತ್ತಿಲ್ಲ.

ಚೆಂಡು ಎಸೆಯಲೇಬೇಕು ಅಂದರೆ

ಮಕ್ಕಳಿಗೆ ಡಾಡ್ಜ್‌ಬಾಲ್ ಅಂದರೆ ಪ್ರಾಣ. ಅಂದರೆ, ಚೆನ್ನಾಗಿ ಎಸೆಯುವ ಮಕ್ಕಳಿಗೆ. ಅಮೆರಿಕದ ದೈಹಿಕ ಶಿಕ್ಷಕರ ಸಂಘಟನೆ ಶೇಪ್ ಅಮೆರಿಕ ಇದನ್ನು ಶಾಲೆಯ ಪಿಟಿ ಪಾಠದಲ್ಲಿ ಆಡಿಸುವುದು ಸರಿಯಲ್ಲ ಎಂದೇ ಹೇಳಿದೆ. ಮನುಷ್ಯರನ್ನೇ ಗುರಿ ಮಾಡುವ ಆಟ ಇದು. ಹೊಡೆತ ತಿಂದವರು ಹೊರಗೆ ಹೋಗುತ್ತಾರೆ. ಕ್ಲಾಸಿನಲ್ಲಿ ಯಾರ ಮೇಲಾದರೂ ಸಿಟ್ಟಿದ್ದರೆ ಅದನ್ನು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ.

ಲಗೋರಿಯಲ್ಲೂ ಚೆಂಡಿನಿಂದ ಹೊಡೆಯುತ್ತೇವಲ್ವಾ, ವ್ಯತ್ಯಾಸ ಏನು? ಇದೆ. ಲಗೋರಿಯಲ್ಲಿ ಹೊಡೆಯುವುದೇ ಗುರಿಯಲ್ಲ. ಏಳು ಕಲ್ಲು ಬೀಳಿಸಿ, ಮತ್ತೆ ಜೋಡಿಸುವುದು ಗುರಿ. ಅಲ್ಲಿ ಎಸೆಯುವವರು ಬೇಕು, ಓಡಿ ಎದುರಾಳಿಯ ಗಮನ ಸೆಳೆಯುವವರು ಬೇಕು, ಬಗ್ಗಿ ಸದ್ದಿಲ್ಲದೆ ಕಲ್ಲು ಪೇರಿಸುವವರೂ ಬೇಕು. ಎಸೆಯಲು ಬಾರದ ಮಗು ಏಳನೇ ಕಲ್ಲು ಇಟ್ಟು ಗೆಲ್ಲಿಸಿಬಿಡಬಹುದು. ಶಾಲೆಯ ಗುಂಪಿಗೆ ಮೂರು ಬದಲಾವಣೆ ಸಾಕು. ಸ್ಪಂಜಿನ ಚೆಂಡು ಅಥವಾ ಬಟ್ಟೆ ಚೆಂಡು. ಸೊಂಟದ ಕೆಳಗೆ ತಾಗಿದರೆ ಮಾತ್ರ ಲೆಕ್ಕ. ತಾಗಿಸಿಕೊಂಡವರು ಔಟಲ್ಲ, ಹಿಂದಿನ ಗೆರೆಗೆ ಓಡಿ ಮುಟ್ಟಿ ವಾಪಸ್ ಬರಬೇಕು. ಕಲ್ಲಿನ ಬದಲು ಮರದ ತುಂಡು ಇಟ್ಟರೆ ಬೆರಳು ಜಜ್ಜುವ ಭಯವೂ ಇಲ್ಲ. ಒಂದು ಅಂಕಣಕ್ಕೆ 12ರಿಂದ 14 ಮಕ್ಕಳು. ಹೀಗೆ ಮೂರು ಅಂಕಣ ನಡೆಯಲಿ.

ಇನ್ನೂ ಚಿಕ್ಕ ಮಕ್ಕಳಾದರೆ ಮನುಷ್ಯರನ್ನು ಗುರಿ ಮಾಡುವುದೇ ಬೇಡ. ಎರಡೂ ತಂಡದ ಹಿಂದೆ ಹತ್ತತ್ತು ಖಾಲಿ ಬಾಟಲಿ ನಿಲ್ಲಿಸಿ. ನಡುವೆ ಗೆರೆ, ಚೆಂಡು ಉರುಳಿಸಿ ಎದುರಿನ ಬಾಟಲಿ ಬೀಳಿಸಬೇಕು. ನಿಮ್ಮವು ಬಿದ್ದರೆ ಓಡಿಹೋಗಿ ಎತ್ತಿ ನಿಲ್ಲಿಸಬಹುದು. ಎಸೆಯುವ ಖುಷಿ ಅಷ್ಟೇ ಇರುತ್ತದೆ. ಅಳು ಇರುವುದಿಲ್ಲ.

"ಸಾರ್, ಫುಟ್ಬಾಲ್ ಕೊಡಿ"

ಈ ಕೋರಿಕೆಗೆ ಒಂದು ಚೆಂಡು ಕೊಟ್ಟು ಕಳಿಸುವುದು ಸುಲಭ. ಆಮೇಲೆ 22 ಜನ ಚೆಂಡಿನ ಹಿಂದೆ, 18 ಜನ ಗೋಡೆಯ ಹತ್ತಿರ. ಆ 22ರಲ್ಲೂ ಚೆಂಡು ಮುಟ್ಟುವವರು ನಾಲ್ಕೈದು ಮಂದಿ. 2017ರಿಂದ ಅಮೆರಿಕದ ಫುಟ್ಬಾಲ್ ಫೆಡರೇಶನ್ 8 ವರ್ಷದೊಳಗಿನವರಿಗೆ 4–4 ಜನರ ಆಟ, 10ರೊಳಗಿನವರಿಗೆ 7–7, 12ರೊಳಗಿನವರಿಗೆ 9–9 ಎಂದು ನಿಯಮವನ್ನೇ ಮಾಡಿದೆ. ತರಬೇತಿ ಪಡೆಯುತ್ತಿರುವ ಮಕ್ಕಳಿಗೇ ಹೀಗಿರುವಾಗ ಸಾಮಾನ್ಯ ಕ್ಲಾಸಿಗೆ 11 ಜನರ ತಂಡ ಯಾಕೆ? 4–4ರ ಐದು ಚಿಕ್ಕ ಮೈದಾನ ಮಾಡಿದರೆ ಸರಿಯಾಗಿ 40 ಮಕ್ಕಳು ಆಡುತ್ತಾರೆ. ಗೋಲ್‌ಕೀಪರ್ ಬೇಡ, ಗೋಲು ಎರಡು ಹೆಜ್ಜೆ ಅಗಲ ಸಾಕು. ಐದು ಚೆಂಡು ಬೇಕು, ಅದೊಂದೇ ಖರ್ಚು.

ಗೋಲು ಹೊಡೆಯುವ ಮೊದಲು ಎಲ್ಲರೂ ಚೆಂಡು ಮುಟ್ಟಿರಬೇಕು ಅಂತ ಕೆಲವರು ನಿಯಮ ಹಾಕುತ್ತಾರೆ. ಉದ್ದೇಶ ಒಳ್ಳೆಯದು. ಆದರೆ ನಡೆಯುವುದೇನೆಂದರೆ, ಆಡಲು ಬಾರದ ಹುಡುಗಿಗೆ ಕಾಟಾಚಾರಕ್ಕೆ ಒಮ್ಮೆ ಚೆಂಡು ಮುಟ್ಟಿಸಿ, ಮತ್ತೆ ಅವಳ ಕಡೆ ತಿರುಗಿ ನೋಡುವುದಿಲ್ಲ. ತಂಡ ಚಿಕ್ಕದಾದರೆ ಈ ನಿಯಮವೇ ಬೇಕಿಲ್ಲ. ನಾಲ್ಕೇ ಜನ ಇದ್ದಾಗ ಅವಳಿಗೆ ಪಾಸ್ ಕೊಡದೆ ಗತಿಯಿಲ್ಲ.

ಔಟ್ ಆಟಗಳ ರಿಪೇರಿ

ಕೆರೆ-ದಡ, ಸೈಮನ್ ಸೇಸ್, ಮ್ಯೂಸಿಕಲ್ ಚೇರ್. ಮೂರೂ ಚಿಕ್ಕ ಜಾಗಕ್ಕೆ, ಮಳೆ ಬಂದ ದಿನಕ್ಕೆ ಹೇಳಿ ಮಾಡಿಸಿದವು. ಮೂರಕ್ಕೂ ಒಂದೇ ರೋಗ: ಕೊನೆಗೆ ಇಬ್ಬರು ಆಡುತ್ತಾರೆ, 38 ಜನ ನೋಡುತ್ತಾರೆ.

ಕೆರೆ-ದಡಕ್ಕೂ ಸೈಮನ್‌ಗೂ ಒಂದೇ ಔಷಧಿ. ಎರಡು ಗುಂಪು ಅಕ್ಕಪಕ್ಕ ಆಡಲಿ. ಇಲ್ಲಿ ತಪ್ಪಿದವರು ಆ ಗುಂಪಿಗೆ, ಅಲ್ಲಿ ತಪ್ಪಿದವರು ಈ ಗುಂಪಿಗೆ. ಬೆಪ್ಪಾಗಿ ನಿಲ್ಲುವ ಬದಲು ಮಕ್ಕಳು ನಗುತ್ತಾ ಜಾಗ ಬದಲಿಸುತ್ತಾರೆ. ಮ್ಯೂಸಿಕಲ್ ಚೇರ್‌ನಲ್ಲಿ ಕುರ್ಚಿ ಕಡಿಮೆ ಮಾಡಿ, ಮಕ್ಕಳನ್ನಲ್ಲ. ಕುರ್ಚಿಯ ಬದಲು ರಿಂಗ್ ಇಡಿ ಅಥವಾ ಸುಣ್ಣದಲ್ಲಿ ವೃತ್ತ ಬರೆಯಿರಿ. ಹಾಡು ನಿಂತಾಗ ಎಲ್ಲರ ಒಂದು ಕಾಲಾದರೂ ವೃತ್ತದೊಳಗಿರಬೇಕು. ಕೊನೆಯಲ್ಲಿ 10 ಮಕ್ಕಳು ಎರಡು ವೃತ್ತದಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಒಂಟಿಕಾಲಲ್ಲಿ ನಿಂತಿರುತ್ತಾರೆ. ಒಂದು ಗುಂಪಿಗೆ ಹತ್ತೇ ಜನ ಸಾಕು, ಜಾಸ್ತಿಯಾದರೆ ನೂಕಾಟ.

ಹಗ್ಗಜಗ್ಗಾಟ ಮತ್ತು ಇತರೆ

ಹಗ್ಗಜಗ್ಗಾಟ 1900ರಿಂದ 1920ರವರೆಗೆ ಒಲಿಂಪಿಕ್ಸ್‌ನಲ್ಲೇ ಇತ್ತು. ಎಲ್ಲರೂ ಒಟ್ಟಿಗೆ ಬಲ ಹಾಕುವ, ಒಬ್ಬರ ದೌರ್ಬಲ್ಯ ಎದ್ದು ಕಾಣದ ಆಟ. ಸ್ವಲ್ಪ ದಪ್ಪಗಿರುವ ಮಗುವಿಗೆ ಬೇಡಿಕೆ ಬರುವ ಒಂದೇ ಆಟವೂ ಹೌದು! ಆದರೆ ಒಂದು ಜಗ್ಗಾಟ ಮುಗಿಯುವುದು ಅರ್ಧ ನಿಮಿಷದಲ್ಲಿ. ಇಡೀ ಪೀರಿಯಡ್‌ಗೆ ಆಗುವುದಿಲ್ಲ, ಕೊನೆಯ ಐದು ನಿಮಿಷಕ್ಕೆ ಸರಿ. ಹಗ್ಗವನ್ನು ಹಗುರವಾಗಿ ತಗೋಬೇಡಿ. 1997ರಲ್ಲಿ ತೈಪೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಜಗ್ಗುವಾಗ ಹಗ್ಗ ತುಂಡಾಗಿ ಇಬ್ಬರ ತೋಳೇ ಕಿತ್ತುಬಂತು. ನೈಲಾನ್ ಹಗ್ಗ ರಬ್ಬರಿನ ಹಾಗೆ ಹಿಗ್ಗಿ, ತುಂಡಾದಾಗ ಚಾಟಿಯಂತೆ ಹಿಂದಕ್ಕೆ ಹೊಡೆಯುತ್ತದೆ. ಜಗ್ಗಾಟಕ್ಕೆಂದೇ ಮಾಡಿದ ದಪ್ಪ ಹಗ್ಗ, ಒಂದು ಕಡೆ 8 ಜನ. ಕೈಗೋ ಸೊಂಟಕ್ಕೋ ಹಗ್ಗ ಸುತ್ತಿಕೊಂಡವರನ್ನು ಕಂಡರೆ ಆಟ ಅಲ್ಲೇ ನಿಲ್ಲಿಸಿ.

ಪ್ಯಾರಾಚೂಟ್ ಆಟ 5ರಿಂದ 8 ವರ್ಷದವರಿಗೆ ಹಬ್ಬ. ಬಣ್ಣದ ದೊಡ್ಡ ಬಟ್ಟೆಯ ಅಂಚು ಹಿಡಿದು ಎತ್ತುವುದು, ಮೇಲೆ ಚೆಂಡು ಕುಣಿಸುವುದು, ಹೆಸರು ಕರೆದವರು ಕೆಳಗೆ ನುಸುಳಿ ಜಾಗ ಬದಲಿಸುವುದು. ಗೆಲ್ಲುವವರಿಲ್ಲ, ಸೋಲುವವರಿಲ್ಲ. ಓಟ ಮಾತ್ರ ಕಡಿಮೆ. ದೊಡ್ಡ ಮಕ್ಕಳಿಗೆ ಹತ್ತು ನಿಮಿಷಕ್ಕೇ ಬೇಜಾರು.

ಬಾವುಟ ಕದಿಯುವ ಆಟ 10 ವರ್ಷ ದಾಟಿದವರಿಗೆ. ತಂತ್ರ ಇದೆ, ಓಟ ಇದೆ, ಕಾವಲು ಇದೆ. ಮೊದಲ ದಿನ ವಿವರಿಸುವುದರಲ್ಲೇ ಅರ್ಧ ಪೀರಿಯಡ್ ಹೋಗುತ್ತದೆ. ವಾರ ವಾರ ಅದೇ ಮಕ್ಕಳು ಸಿಗುವುದಾದರೆ ಕಲಿಸಿ. ಒಂದು ದಿನದ ಶಿಬಿರಕ್ಕೆ ಬೇಡ.

ಸರ್ಕ್ಯೂಟ್ ಇನ್ನೊಂದು ಆಯ್ಕೆ. 8 ಕಡೆ 8 ಚಟುವಟಿಕೆ, ಒಂದೊಂದರಲ್ಲಿ 5 ಮಕ್ಕಳು: ಒಂದು ಕಡೆ ಸ್ಕಿಪ್ಪಿಂಗ್, ಇನ್ನೊಂದು ಕಡೆ ಗುರಿಗೆ ಚೆಂಡು, ಮತ್ತೊಂದು ಕಡೆ ಗೆರೆಯ ಮೇಲೆ ನಡಿಗೆ, ಹೀಗೆ. 2 ನಿಮಿಷ ಆಡಿ, ಅರ್ಧ ನಿಮಿಷದಲ್ಲಿ ಜಾಗ ಬದಲಿಸಿದರೆ 20 ನಿಮಿಷಕ್ಕೆ ಎಲ್ಲರೂ ಎಲ್ಲ ಕಡೆ ಹೋಗಿ ಬಂದಿರುತ್ತಾರೆ. ಸಾಮಾನು ಕಡಿಮೆ ಇದ್ದಾಗ ಇದು ವರ, ಯಾಕೆಂದರೆ 5 ಸ್ಕಿಪ್ಪಿಂಗ್ ಹಗ್ಗ ಇದ್ದರೂ ಸಾಕು. ಕೂಗಾಟ, ಕೇಕೆ ಇಲ್ಲದ್ದರಿಂದ ಮಕ್ಕಳು ಇದನ್ನು ಆಟ ಅಂತ ಒಪ್ಪುವುದಿಲ್ಲ, ಅದೊಂದೇ ಕೊರತೆ.

ವಯಸ್ಸು ಬದಲಾದರೆ

5ರಿಂದ 7ರವರಿಗೆ ಒಂದೇ ನಿಯಮದ ಆಟ. ತಂಡ ಬೇಡ, ಅಂಕ ಬೇಡ. 8ರಿಂದ 10ರವರು ಏನು ಕೊಟ್ಟರೂ ಆಡುತ್ತಾರೆ. ಹೊಸ ಆಟ ಕಲಿಸಲು ಇದೇ ಒಳ್ಳೆಯ ಕಾಲ. 11ರಿಂದ 13ಕ್ಕೆ ತಂತ್ರ ಬೇಕು, ನ್ಯಾಯ ಬೇಕು. ಮೇಷ್ಟ್ರು ಒಂದು ತಪ್ಪು ತೀರ್ಪು ಕೊಟ್ಟರೆ ವಾರವಿಡೀ ನೆನಪಿಡುತ್ತಾರೆ.

14 ದಾಟಿದವರದ್ದೇ ಕಷ್ಟ. ಮೈ ಬೆಳೆಯುತ್ತಿರುತ್ತದೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನುವ ಮುಜುಗರ. ಒಬ್ಬೊಬ್ಬರನ್ನೇ ಮುಂದೆ ಕರೆದು ಮಾಡಿಸುವ ಯಾವುದೂ ಇವರಿಗೆ ಬೇಡ. ಎರಡು ಮೂರು ಆಟ ಒಟ್ಟಿಗೆ ಹಾಕಿ, "ಯಾವುದಾದರೂ ಆರಿಸಿಕೊಳ್ಳಿ, ಆದರೆ ಸುಮ್ನೆ ಕೂರುವ ಹಾಗಿಲ್ಲ" ಅಂದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಎಲ್ಲರೂ ಆಡಬೇಕು ಅಂದಾಗ

ಗುಂಪಿನಲ್ಲಿ ಕಣ್ಣು ಸರಿಯಾಗಿ ಕಾಣದ ಅಥವಾ ಗಾಲಿಕುರ್ಚಿಯಲ್ಲಿರುವ ಮಗು ಇದ್ದರೆ ಸ್ಕೋರ್ ಬರೆಯುವ ಕೆಲಸ ಕೊಟ್ಟು ಕೂರಿಸುವುದು ರೂಢಿ. ಅದಕ್ಕಿಂತ ನಾಲ್ಕು ವಿಷಯ ಬದಲಿಸಿ ನೋಡಿ: ಜಾಗ, ಕೆಲಸ, ಸಾಮಾನು, ಜನ. ಗಾಲಿಕುರ್ಚಿಗೆ ಗಟ್ಟಿ ನೆಲ ಬೇಕು, ಆದ್ದರಿಂದ ಇಡೀ ಆಟವನ್ನು ಅಲ್ಲಿಗೆ ಒಯ್ಯಿರಿ. ಬಾಲ ಕೀಳುವ ಆಟದಲ್ಲಿ ಬಾಲವನ್ನು ಕುರ್ಚಿಯ ಹಿಂಬದಿಗೆ ಸಿಕ್ಕಿಸಿ.

ಇಲ್ಲಿ ಗೋಲ್‌ಬಾಲ್ ನೆನಪಿಡಿ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಹುಟ್ಟಿದ ಆಟ, 1976ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ತಂಡಕ್ಕೆ ಮೂವರು, ಎಲ್ಲರ ಕಣ್ಣಿಗೂ ಪಟ್ಟಿ, ಚೆಂಡಿನೊಳಗೆ ಗೆಜ್ಜೆ. ಉರುಳಿ ಬರುವ ಸದ್ದು ಕೇಳಿ ಅಡ್ಡ ಮಲಗಿ ತಡೆಯಬೇಕು. ಅಂಕಣ ವಾಲಿಬಾಲ್‌ನಷ್ಟೇ, 18ಕ್ಕೆ 9 ಮೀಟರ್. ಇಡೀ ಕ್ಲಾಸ್ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಆಡಿದ ದಿನ ಕಣ್ಣು ಕಾಣದ ಮಗುವೇ ಉಳಿದವರಿಗೆ ಹೇಳಿಕೊಡುತ್ತದೆ. ಇನ್ನೊಂದು ಲಾಭ: ಆಡುವಾಗ ನೋಡುವವರು ಉಸಿರು ಬಿಗಿಹಿಡಿದು ಸುಮ್ಮನಿರಲೇಬೇಕು. 40 ಮಕ್ಕಳ ಪಿಟಿ ಪೀರಿಯಡ್‌ನಲ್ಲಿ ನಿಶ್ಶಬ್ದ ಬೇಕಾಗಿದ್ದರೆ ಇದೊಂದೇ ದಾರಿ.

ಆರಿಸಿದ ಮೇಲೆ

ತಂಡ ಮಾಡಲು ಇಬ್ಬರು ಕ್ಯಾಪ್ಟನ್‌ಗಳನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಆರಿಸಲು ಬಿಡಬೇಡಿ. ಕೊನೆಗೆ ಉಳಿಯುವ ಮಗು ಪ್ರತಿ ಸಲ ಅದೇ ಆಗಿರುತ್ತದೆ. "ನಿಮ್ಮಷ್ಟೇ ಜೋರಾಗಿ ಓಡುವವರ ಜೊತೆ ಜೋಡಿಯಾಗಿ ನಿಲ್ಲಿ" ಅನ್ನಿ. ಜೋಡಿಯಾದ ಮೇಲೆ ಒಬ್ಬರು ಈ ಕಡೆ, ಒಬ್ಬರು ಆ ಕಡೆ. ತಂಡಗಳು ಸಮ ಆಗಿಬಿಡುತ್ತವೆ, ಯಾಕೆ ಜೋಡಿ ಮಾಡಿಸಿದರು ಅಂತ ಮಕ್ಕಳಿಗೆ ಗೊತ್ತಾಗುವಷ್ಟರಲ್ಲಿ ಆಟ ಶುರುವಾಗಿರುತ್ತದೆ.

ಓಟದ ಗುರಿಯಾಗಿ ಗೋಡೆಯನ್ನು ಎಂದೂ ಇಡಬೇಡಿ. "ಗೋಡೆ ಮುಟ್ಟಿ ಬನ್ನಿ" ಅಂದರೆ ಮಣಿಕಟ್ಟು ಮುರಿಯುವುದು ಅಲ್ಲಿಯೇ. ಗೋಡೆಗೆ ನಾಲ್ಕು ಮೀಟರ್ ಮೊದಲೇ ಗೆರೆ ಎಳೆಯಿರಿ. ಉಬ್ಬಸ ಇರುವ ಮಗುವಿನ ಇನ್ಹೇಲರ್ ಕ್ಲಾಸಿನ ಬ್ಯಾಗಿನಲ್ಲಿದ್ದರೆ ಪ್ರಯೋಜನವಿಲ್ಲ, ಮೈದಾನಕ್ಕೆ ಬರಬೇಕು.

ಇಷ್ಟೆಲ್ಲ ಬೇಡ, ನಾಳೆಗೆ ಒಂದು ಹೇಳಿ ಅಂದರೆ: ಗುಂಪು ಹೊಸದಾದರೆ ಬಾಲ ಕೀಳುವ ಆಟ. ಒಬ್ಬರಿಗೊಬ್ಬರು ಗೊತ್ತಿರುವ ಮಕ್ಕಳಾದರೆ ಚಿಕ್ಕ ಅಂಕಣದ ಖೋ-ಖೋ. ಜಾಗ ತೀರಾ ಕಡಿಮೆಯಾದರೆ ಎರಡು ಗುಂಪಿನ ಕೆರೆ-ದಡ. ಮೂರಕ್ಕೂ ಸೇರಿ ಬೇಕಾಗುವುದು ಒಂದು ಸೀಟಿ, ಗೆರೆ ಎಳೆಯಲು ಸುಣ್ಣದ ಪುಡಿ, ಹಳೆ ಬೆಡ್‌ಶೀಟಿನಿಂದ ಹರಿದ ಒಂದು ಅಂಗೈ ಅಗಲದ 60 ಬಟ್ಟೆ ಪಟ್ಟಿ. 40 ಮಕ್ಕಳ ಸೊಂಟಕ್ಕೆ, ಉಳಿದ 20 ಮೇಷ್ಟ್ರ ಕೈಯಲ್ಲಿ.